ಬೆರಳು ತನ್ನತ್ತಲೂ ತಿರುಗಿದಾಗ: ಒಲಿವಿಯಾ ರೊಡ್ರಿಗೊ ಅವರ ‘ಗಟ್ಸ್’

ಅಮೆರಿಕದ ಗಾಯಕಿ ಒಲಿವಿಯಾ ರೊಡ್ರಿಗೊ ಅವರ ಎರಡನೆಯ ಆಲ್ಬಮ್ ‘ಗಟ್ಸ್’ ಬಿಡುಗಡೆಯಾದದ್ದು 2023ರ ಸೆಪ್ಟೆಂಬರ್ 8ರ ಶುಕ್ರವಾರ. ನಾನು ಅದನ್ನು ಮೊದಲ ಸಲ ಕೇಳಿದ್ದು ಅದಾದ ಕೆಲವು ವಾರಗಳ ಮೇಲೆ, ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲಿನಲ್ಲಿ, ಅಕ್ಕನ ಮಗಳ ಇಯರ್‌ಫೋನಿನ ಒಂದು ಎಳೆಯನ್ನು ನಾನೂ ಇನ್ನೊಂದು ಎಳೆಯನ್ನು ಅವಳೂ ಕಿವಿಗೆ ಸಿಕ್ಕಿಸಿಕೊಂಡು. ರಾಮನಗರ ದಾಟಿದ ಮೇಲೆ ಶುರುವಾದದ್ದು ಮಂಡ್ಯ ಬರುವಷ್ಟರಲ್ಲಿ ಮುಗಿದಿತ್ತು. ಒಟ್ಟು ಹನ್ನೆರಡು ಹಾಡು, ಸುಮಾರು 39 ನಿಮಿಷ. “ಹೇಗಿದೆ ಚಿಕ್ಕಮ್ಮ?” ಎಂದು ಅವಳು ಕೇಳಿದಾಗ ನಾನು ಉತ್ತರ ಹೇಳಲಿಲ್ಲ, ಆರನೆಯ ಹಾಡನ್ನು ಇನ್ನೊಂದು ಸಲ ಹಾಕು ಎಂದೆ. ಆಮೇಲೆ ಈ ಆಲ್ಬಮನ್ನು ಅಡುಗೆ ಮಾಡುತ್ತ, ನಡೆಯುತ್ತ, ರಾತ್ರಿ ದೀಪ ಆರಿಸಿ ಮಲಗಿ, ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಟ್ಟಿಲ್ಲ. ಅಂದು ಕೊಡದೆ ಉಳಿಸಿಕೊಂಡ ಉತ್ತರವನ್ನು ಈಗ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಗಾಯಕಿಯ ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಒಲಿವಿಯಾ ಹುಟ್ಟಿದ್ದು 2003ರ ಫೆಬ್ರುವರಿ 20ರಂದು, ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ತಂದೆಯ ಕಡೆಯ ಹಿರಿಯರು ಫಿಲಿಪ್ಪೀನ್ಸ್‌ನಿಂದ ಬಂದವರು. ಹದಿಹರೆಯ ಕಳೆಯುವ ಮೊದಲೇ ಡಿಸ್ನಿಯ ಎರಡು ಧಾರಾವಾಹಿಗಳಲ್ಲಿ ನಟಿಸಿದ್ದರು. 2021ರ ಜನವರಿ 8ರಂದು, ಇನ್ನೂ ಹದಿನೇಳು ವರ್ಷದವರಾಗಿದ್ದಾಗ, ‘ಡ್ರೈವರ್ಸ್ ಲೈಸೆನ್ಸ್’ ಎಂಬ ಹಾಡನ್ನು ಹೊರತಂದರು. ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು ಎಂಟು ವಾರ ಮೊದಲನೆಯ ಸ್ಥಾನದಲ್ಲಿ ಉಳಿಯಿತು. ಅದೇ ವರ್ಷದ ಮೇ 21ರಂದು ಬಂದ ಮೊದಲ ಆಲ್ಬಮ್ ‘ಸೌರ್’ ಜಗತ್ತಿನಾದ್ಯಂತ ಹಬ್ಬಿತು, 2022ರಲ್ಲಿ ಮೂರು ಗ್ರ್ಯಾಮಿ ಸಂಗೀತ ಪ್ರಶಸ್ತಿಗಳನ್ನೂ ತಂದುಕೊಟ್ಟಿತು. ಹದಿನೆಂಟರ ಹರೆಯದಲ್ಲಿ ಇಷ್ಟೆಲ್ಲ ಸಿಕ್ಕಿಬಿಟ್ಟ ಮೇಲೆ ಮುಂದಿನದನ್ನು ಬರೆಯಲು ಕೂರುವುದು ಎಂಥ ಕಷ್ಟವೆಂದು ಊಹಿಸಬಹುದು. ಎರಡನೆಯ ಆಲ್ಬಮ್ ಬರಲು ಎರಡು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು, ಆ ಕಾಲ ವ್ಯರ್ಥವಾಗಿಲ್ಲ.

ಮುಂದೆ ಹೋಗುವ ಮೊದಲು ಒಂದು ಮಾತು. ಈ ಹಾಡುಗಳ ಬಗ್ಗೆ ಬರೆಯುವವರಲ್ಲಿ ಅನೇಕರು ಯಾವ ಹಾಡು ಯಾರನ್ನು ಕುರಿತದ್ದು ಎಂದು ಹುಡುಕುವುದರಲ್ಲೇ ತಮ್ಮ ಶಕ್ತಿಯನ್ನೆಲ್ಲ ಕಳೆಯುತ್ತಾರೆ. ನನಗೆ ಅದರಲ್ಲಿ ಆಸಕ್ತಿಯಿಲ್ಲ. ಬರೆದು ಹಾಡಿದ ಕಲಾವಿದೆಯನ್ನು ‘ಅವರು’ ಎಂದೂ, ಹಾಡಿನೊಳಗೆ ಮಾತನಾಡುವ ಹುಡುಗಿಯನ್ನು ‘ಅವಳು’ ಎಂದೂ ಇಲ್ಲಿ ಬರೆಯುತ್ತೇನೆ. ನಮ್ಮ ಭಾಷೆ ಕೊಟ್ಟಿರುವ ಈ ಅನುಕೂಲ ಇಂಥ ಆಲ್ಬಮಿನ ವಿಷಯದಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ‘ಗಟ್ಸ್’ನ ಹುಡುಗಿ ಹತ್ತೊಂಬತ್ತು ವರ್ಷದ ಗೊಂದಲಗಳಲ್ಲಿ ಸಿಕ್ಕಿಕೊಂಡು ಒದ್ದಾಡುತ್ತಿರುತ್ತಾಳೆ, ಅವಳನ್ನು ಎರಡು ಹೆಜ್ಜೆ ದೂರದಲ್ಲಿ ನಿಂತು ನೋಡಿ, ಅವಳ ತಪ್ಪುಗಳನ್ನು ಮುಚ್ಚಿಡದೆ ಬರೆದವರು ಮಾತ್ರ ಗೊಂದಲದಲ್ಲಿರುವವರಲ್ಲ.

ಮೊದಲ ಆಲ್ಬಮಿನಲ್ಲಿ ಈ ದೂರ ಇಷ್ಟಿರಲಿಲ್ಲ. ‘ಸೌರ್’ನ ಹೆಚ್ಚಿನ ಹಾಡುಗಳಲ್ಲಿ ಅನ್ಯಾಯಕ್ಕೊಳಗಾದ ಹುಡುಗಿಯೊಬ್ಬಳು, ಬಿಟ್ಟುಹೋದ ಹುಡುಗನೊಬ್ಬ, ಅವನ ಪಕ್ಕದಲ್ಲಿ ಹೊಸಬಳೊಬ್ಬಳು ಇರುತ್ತಿದ್ದರು. ಅವಳ ಅಳು ನಿಜವಾದದ್ದು, ಕೋಪವೂ ನಿಜವಾದದ್ದು; ಆ ವಯಸ್ಸಿನಲ್ಲಿ ಮನಸ್ಸು ಮುರಿದಾಗ ಅದನ್ನು ಹಾಗಲ್ಲದೆ ಬೇರೆ ರೀತಿ ಹೇಳಲು ಬರುವುದೂ ಇಲ್ಲ. ಆದರೆ ಆ ಹಾಡುಗಳಲ್ಲಿ ಬೆರಳು ಸದಾ ಹೊರಗಡೆಗೆ ಚಾಚಿರುತ್ತಿತ್ತು. ‘ಬ್ರೂಟಲ್’ ಮತ್ತು ‘ಜೆಲಸಿ, ಜೆಲಸಿ’ ಎಂಬ ಎರಡು ಹಾಡುಗಳಲ್ಲಿ ಮಾತ್ರ ಹುಡುಗಿ ತನ್ನೊಳಗೆ ಇಣುಕುತ್ತಿದ್ದಳು, ಮುಂದೆ ಬರಲಿರುವುದರ ಬೀಜ ಅಲ್ಲಿತ್ತು ಎಂದು ಈಗ ತೋರುತ್ತದೆ. ‘ಗಟ್ಸ್’ನಲ್ಲಿ ಆ ಬೆರಳು ಮೆಲ್ಲಗೆ ಮಡಚಿಕೊಂಡು ತನ್ನ ಎದೆಯ ಕಡೆಗೂ ತಿರುಗುತ್ತದೆ. ಈ ಆಲ್ಬಮಿನ ಪ್ರೌಢಿಮೆ ನನಗೆ ಕಂಡದ್ದು ಇಲ್ಲಿಯೇ. ದೊಡ್ಡವರಾಗಿದ್ದೇವೆಂದು ತೋರಿಸಿಕೊಳ್ಳಲು ಕಿರಿಯ ಗಾಯಕರು ಎರಡನೆಯ ಆಲ್ಬಮಿನಲ್ಲಿ ದನಿ ತಗ್ಗಿಸಿ, ಲಯ ನಿಧಾನಿಸಿ, ಗಂಭೀರ ಮುಖ ಮಾಡಿಕೊಳ್ಳುವುದುಂಟು. ಒಲಿವಿಯಾ ಹಾಗೆ ಮಾಡಿಲ್ಲ. ಮೊದಲಿಗಿಂತ ಹೆಚ್ಚು ಗದ್ದಲ, ಹೆಚ್ಚು ನಗು, ಹೆಚ್ಚು ಗಿಟಾರ್ ಇಲ್ಲಿದೆ. ಬದಲಾದದ್ದು ತನ್ನನ್ನು ತಾನು ನೋಡಿಕೊಳ್ಳುವ ಬಗೆ.

ಇದು ಎಲ್ಲಕ್ಕಿಂತ ಸ್ಪಷ್ಟವಾಗಿ ಕೇಳುವುದು ‘ವ್ಯಾಂಪೈರ್’ನಲ್ಲಿ. 2023ರ ಜೂನ್ 30ರಂದು, ಆಲ್ಬಮಿಗಿಂತ ಎರಡು ತಿಂಗಳು ಮೊದಲು, ಬಿಡುಗಡೆಯಾದ ಈ ಹಾಡು ನೇರವಾಗಿ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿತು. ಪಿಯಾನೊದ ಸರಳ ಸ್ವರಗಳ ಮೇಲೆ, ಎದುರಿಗೆ ಕುಳಿತವರೊಡನೆ ಮಾತಾಡಿದಂತೆ, ಹಾಡು ಮೊದಲಾಗುತ್ತದೆ. ‘ಡ್ರೈವರ್ಸ್ ಲೈಸೆನ್ಸ್’ ಕೇಳಿ ಮೆಚ್ಚಿದವರು ಇದೂ ಅಂಥದ್ದೇ ಒಂದು ನಿಧಾನದ ಅಳುಹಾಡು ಎಂದುಕೊಂಡು ಒರಗಿ ಕೂರುತ್ತಾರೆ. ಅಷ್ಟರಲ್ಲಿ ಕೆಳಗಿನಿಂದ ಒಂದು ಮಿಡಿತ ಶುರುವಾಗುತ್ತದೆ. ಪಿಯಾನೊ ಮೃದುತ್ವ ಬಿಟ್ಟು ಕುಟ್ಟತೊಡಗುತ್ತದೆ, ಡ್ರಮ್ ಸೇರುತ್ತದೆ, ಲಯ ಏರುತ್ತ ಹೋಗಿ ಕೊನೆಗೆ ಎಲ್ಲ ವಾದ್ಯಗಳೂ ಒಟ್ಟಿಗೆ ಮೇಲೆ ಬಿದ್ದಂತಾಗುತ್ತದೆ. ಮೂರು ಮುಕ್ಕಾಲು ನಿಮಿಷದೊಳಗೆ ದುಃಖ ಕೋಪವಾಗಿ ಬೆಳೆಯುವುದನ್ನು ಮಾತಿನಲ್ಲಿ ಹೇಳದೆ ಲಯದಲ್ಲಿಯೇ ತೋರಿಸಿರುವ ಈ ಕಟ್ಟಡ ಬಹಳ ಜಾಣತನದ್ದು.

ಆದರೂ ನನ್ನನ್ನು ತಡೆದು ನಿಲ್ಲಿಸಿದ್ದು ಆ ಏರಿಕೆಯಲ್ಲ, ನಡುವೆ ಬರುವ ಒಂದು ಸಾಲು. ತನ್ನ ರಕ್ತ ಹೀರಿದವನನ್ನು ಹುಡುಗಿ ಬೈಯುತ್ತಾಳೆ, ಅದು ನಿರೀಕ್ಷಿತವೇ. ಅವನ ಬಗ್ಗೆ ಹಿಂದೆ ಬೇರೆ ಹುಡುಗಿಯರೆಲ್ಲ ತನಗೆ ಎಚ್ಚರಿಕೆ ಹೇಳಿದ್ದರೆಂದು ನೆನೆಯುತ್ತಾಳೆ. ಅವರಿಗೆ ತಲೆ ಕೆಟ್ಟಿದೆ ಎಂದು ಅವನು ಹೇಳಿದ್ದನೆನ್ನುತ್ತಾಳೆ. ಅಷ್ಟಕ್ಕೇ ನಿಂತಿದ್ದರೆ ಅದು ಮೊದಲ ಆಲ್ಬಮಿನ ಹಾಡಾಗುತ್ತಿತ್ತು. ಅವಳು ಇನ್ನೊಂದು ಮಾತು ಸೇರಿಸುತ್ತಾಳೆ: ತಾನೂ ಅವನ ಜೊತೆ ಸೇರಿ ಆ ಹುಡುಗಿಯರನ್ನು ಹಾಗೆಂದು ಕರೆದಿದ್ದೆನಲ್ಲ, ಅದನ್ನು ನೆನೆದರೆ ಅಸಹ್ಯವಾಗುತ್ತದೆ ಎನ್ನುವ ಮಾತು. ಹಾಡು ಪೂರ್ತಿ ವೇಗದಲ್ಲಿರುವಾಗ, ಕೇಳುವವರು ಇನ್ನೊಬ್ಬನ ಮೇಲಿನ ಸಿಟ್ಟಿನಲ್ಲಿ ಅವಳೊಂದಿಗೆ ಕೂಗಲು ಸಿದ್ಧರಾಗಿರುವಾಗ, ಈ ಒಪ್ಪಿಗೆ ಬರುತ್ತದೆ. ಮೋಸಹೋದವಳು ಮೋಸದ ಪಾಲುದಾರಳೂ ಆಗಿದ್ದಳೆಂಬುದನ್ನು ಹೇಳಿಕೊಳ್ಳಲು ಧೈರ್ಯ ಬೇಕು, ಅದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಲು ಕಸುಬು ಬೇಕು. ನಂಬಿಕೆಯಿಟ್ಟು ಎಚ್ಚರಿಸಿದ ಗೆಳತಿಯನ್ನು ದೂರ ಮಾಡಿಕೊಂಡ ಹೆಂಗಸರು ಎಲ್ಲ ಊರಿನಲ್ಲಿಯೂ ಇದ್ದಾರೆ. ಆ ಸಾಲು ಬಂದಾಗಲೆಲ್ಲ ನನಗೆ ಕಾಲೇಜಿನ ದಿನಗಳ ಒಂದು ಮುಖ ನೆನಪಾಗುತ್ತದೆ.

ಇನ್ನು ಆರನೆಯ ಹಾಡು, ‘ಮೇಕಿಂಗ್ ದ ಬೆಡ್’. ತಾನು ಹಾಸಿಕೊಂಡ ಹಾಸಿಗೆಯಲ್ಲಿ ತಾನೇ ಮಲಗಬೇಕು ಎಂಬ ಇಂಗ್ಲಿಷ್ ಗಾದೆಯಿಂದ ಈ ಹೆಸರು ಬಂದಿದೆ. ನಮ್ಮಲ್ಲಿ ಇದಕ್ಕೆ ಇನ್ನೂ ಖಾರವಾದ ಮಾತಿದೆ: ಮಾಡಿದ್ದುಣ್ಣೋ ಮಹಾರಾಯ. ನಮ್ಮ ಗಾದೆಯನ್ನು ಸಾಮಾನ್ಯವಾಗಿ ಇನ್ನೊಬ್ಬರಿಗೆ ಹೇಳುತ್ತೇವೆ. ಈ ಹಾಡಿನ ಹುಡುಗಿ ಅದನ್ನು ತನಗೆ ತಾನೇ ಹೇಳಿಕೊಳ್ಳುತ್ತಾಳೆ. ಕೇಳಿದ್ದೆಲ್ಲ ಸಿಕ್ಕಿದೆ, ಕೀರ್ತಿ ಬಂದಿದೆ, ಮನೆ ತುಂಬ ಹೊಸ ಪರಿಚಯದವರು ತುಂಬಿದ್ದಾರೆ. ಹಳೆಯ ಗೆಳೆಯರು ದೂರವಾಗಿದ್ದಾರೆ, ಪ್ರೀತಿಸುವವರನ್ನು ತಾನೇ ತಳ್ಳಿದ್ದಾಳೆ. ಇದಕ್ಕೆ ಯಾರನ್ನು ದೂರಲಿ ಎಂದು ಹುಡುಕಿದರೆ ಬೇರೆ ಯಾರೂ ಕಾಣುವುದಿಲ್ಲ. ಪಲ್ಲವಿಯಲ್ಲಿ ಕೂಗಾಟವಿಲ್ಲ, ಗಿಟಾರುಗಳು ಮಂಜು ಕವಿದಂತೆ ಹಿಂದೆ ಹರಡಿಕೊಂಡಿರುತ್ತವೆ, ದನಿ ಸ್ವಲ್ಪ ಬಳಲಿದೆ. ಕರುಣೆ ತೋರಿಸಿ ಎಂದು ಅವಳು ಕೇಳುವುದಿಲ್ಲ, ಆದ್ದರಿಂದಲೇ ಕರುಣೆ ಹುಟ್ಟುತ್ತದೆ.

ಈ ಹಾಡಿನಲ್ಲಿ ಒಂದು ಕನಸು ಬರುತ್ತದೆ. ನಗರದೊಳಗೆ ಕಾರು ಓಡಿಸುತ್ತಿರುವಾಗ ಬ್ರೇಕ್ ಹಿಡಿಯುವುದಿಲ್ಲ, ಕೆಂಪು ದೀಪದ ಮುಂದೆ ನಿಲ್ಲಿಸಲು ಆಗುವುದಿಲ್ಲ, ಪಕ್ಕಕ್ಕೆ ತಿರುಗಿಸಲೂ ಆಗುವುದಿಲ್ಲ. ಮತ್ತೆ ಮತ್ತೆ ಇದೇ ಕನಸು ಕಂಡು ಅವಳು ಎಚ್ಚರಗೊಳ್ಳುತ್ತಾಳೆ. ಇದನ್ನು ಮೊದಲ ಬಾರಿ ಗಮನಿಸಿ ಕೇಳಿದಾಗ ನನಗೆ ಮೈ ಜುಮ್ಮೆಂದಿತು, ಏಕೆಂದರೆ ಒಲಿವಿಯಾ ಅವರನ್ನು ಜಗತ್ತಿಗೆ ಪರಿಚಯಿಸಿದ ಹಾಡು ಕೂಡ ಕಾರು ಓಡಿಸುವ ಹುಡುಗಿಯದೇ. ಅಲ್ಲಿ ಆಗ ತಾನೇ ಲೈಸೆನ್ಸ್ ಸಿಕ್ಕಿದವಳು ಅಳುತ್ತ ಅವನ ಬೀದಿಯಲ್ಲಿ ಹಾದುಹೋಗುತ್ತಾಳೆ. ಕಣ್ಣು ಮಂಜಾಗಿದ್ದರೂ ಸ್ಟಿಯರಿಂಗ್ ಅವಳ ಕೈಯಲ್ಲಿದೆ, ಎಲ್ಲಿಗೆ ಹೋಗಬೇಕೆಂದು ಅವಳಿಗೆ ಗೊತ್ತಿದೆ, ನೋವು ಇರುವುದು ಕಿಟಕಿಯ ಹೊರಗೆ. ಎರಡು ವರ್ಷಗಳ ಮೇಲೆ ಅದೇ ಕಾರು ಅವಳ ಮಾತು ಕೇಳುವುದಿಲ್ಲ. ಈ ಎರಡು ಕಾರುಗಳ ನಡುವಿನ ಅಂತರವೇ ಈ ಎರಡು ಆಲ್ಬಮ್‌ಗಳ ನಡುವಿನ ಅಂತರ ಎಂದು ನನ್ನ ಅನಿಸಿಕೆ. ಕವಿಯೊಬ್ಬರು ತಮ್ಮದೇ ಹಳೆಯ ಚಿತ್ರವನ್ನು ಮತ್ತೆ ಕೈಗೆತ್ತಿಕೊಂಡು, ಅದರ ಹೆಸರೆತ್ತದೆ, ತಲೆಕೆಳಗು ಮಾಡಿ ತೋರಿಸಬಲ್ಲರಾದರೆ ಅವರು ತಮ್ಮ ಕೆಲಸವನ್ನು ಬಲ್ಲವರೆಂದೇ ಅರ್ಥ.

ಆಲ್ಬಮಿನ ಹೆಸರಿನ ಬಗ್ಗೆಯೂ ಹೇಳಬೇಕು. ‘ಗಟ್ಸ್’ ಎಂಬ ಪದ ನಮಗೆ ಹೊಸದೇನಲ್ಲ. “ಗಟ್ಸ್ ಇದ್ದರೆ ಎದುರಿಗೆ ಬಂದು ಹೇಳಲಿ” ಎಂದು ದಿನಕ್ಕೊಮ್ಮೆಯಾದರೂ ಎಲ್ಲಾದರೂ ಕೇಳುತ್ತೇವೆ. ನಾವು ಅದನ್ನು ಎದೆಗಾರಿಕೆ ಎಂಬ ಒಂದೇ ಅರ್ಥದಲ್ಲಿ ಬಳಸುತ್ತೇವೆ. ಮೂಲದಲ್ಲಿ ಅದು ಕರುಳು. ಒಳಗಿರುವುದನ್ನೆಲ್ಲ ಹೊರಗೆ ಸುರಿಯುವುದು, ಒಬ್ಬರನ್ನು ಕರುಳಿನಿಂದ ದ್ವೇಷಿಸುವುದು, ಒಳಮನಸ್ಸು ಹೇಳಿದ್ದನ್ನು ನಂಬುವುದು, ಇವಕ್ಕೆಲ್ಲ ಇಂಗ್ಲಿಷಿನಲ್ಲಿ ಇದೇ ಪದ ಬರುತ್ತದೆ. ಮೊದಲ ಆಲ್ಬಮಿನ ಹೆಸರು ಹುಳಿ, ಎರಡನೆಯದರ ಹೆಸರು ಕರುಳು: ನಾಲಗೆಯ ಮೇಲಿದ್ದ ರುಚಿ ಹೊಟ್ಟೆಯೊಳಕ್ಕೆ ಇಳಿದಿದೆ. ಎರಡೂ ಆಲ್ಬಮ್‌ಗಳ ಹೆಸರನ್ನು ಪೂರ್ತಿ ದೊಡ್ಡಕ್ಷರಗಳಲ್ಲಿಯೂ ಹಾಡುಗಳ ಹೆಸರನ್ನು ಪೂರ್ತಿ ಚಿಕ್ಕಕ್ಷರಗಳಲ್ಲಿಯೂ ಅಚ್ಚುಹಾಕಿಸಿದ್ದಾರೆ, ಹೊರಗೆ ಕೂಗಿ ಒಳಗೆ ಪಿಸುಗುಟ್ಟಿದ ಹಾಗೆ. ದೊಡ್ಡದು ಚಿಕ್ಕದೆಂಬ ಭೇದವಿಲ್ಲದ ನಮ್ಮ ಲಿಪಿಯಲ್ಲಿ ಅದನ್ನು ತೋರಿಸಲಾಗದು, ಆದ್ದರಿಂದ ಮಾತಿನಲ್ಲಿ ಹೇಳಿದೆ.

ಹೊಟ್ಟೆಯ ಮಾತು ಬಂದದ್ದರಿಂದ ‘ಲೇಸಿ’ ಎಂಬ ನಾಲ್ಕನೆಯ ಹಾಡಿಗೆ ಬರುತ್ತೇನೆ. ಅಸೂಯೆಯನ್ನು ಕನ್ನಡದಲ್ಲಿ ಹೊಟ್ಟೆಕಿಚ್ಚು ಎನ್ನುತ್ತೇವೆ, ಹೊಟ್ಟೆ ಉರಿಯುತ್ತದೆ ಎನ್ನುತ್ತೇವೆ. ಹಾಗಾಗಿ ಕರುಳಿನ ಹೆಸರಿನ ಆಲ್ಬಮಿನಲ್ಲಿ ಈ ಹಾಡು ಇರುವುದು ಕನ್ನಡದ ಕಿವಿಗೆ ಇನ್ನೂ ಸಹಜವೆನಿಸುತ್ತದೆ. ಒಲಿವಿಯಾ ವಿಶ್ವವಿದ್ಯಾಲಯದ ಕವಿತೆಯ ತರಗತಿಗಾಗಿ ಬರೆದ ಒಂದು ಕವಿತೆಯಿಂದ ಇದು ಬೆಳೆಯಿತು. ಬೆರಳಿನಿಂದ ಮೀಟಿದ ಗಿಟಾರ್, ಒಂದರ ಮೇಲೊಂದು ಪದರವಾಗಿ ಹಾಸಿದ ಅವರದೇ ದನಿಗಳು, ಬಿಟ್ಟರೆ ಹೆಚ್ಚೇನೂ ಇಲ್ಲ. ಲೇಸಿ ಎಂಬ ಹುಡುಗಿಯ ಚರ್ಮ, ಕಣ್ಣು, ನಡೆ, ಒಳ್ಳೆಯತನ, ಪ್ರತಿಯೊಂದನ್ನೂ ಅವಳು ಹೊಗಳುತ್ತ ಹೋಗುತ್ತಾಳೆ. ಹೊಗಳಿಕೆ ಎಷ್ಟು ಸೂಕ್ಷ್ಮವಾಗುತ್ತದೆಂದರೆ ಅದು ಆರಾಧನೆಯೋ ಕಿಚ್ಚೋ ಕೇಳುವವರಿಗೂ ತಿಳಿಯದು, ಹಾಡುವವಳಿಗೂ ತಿಳಿಯದು. ಕೊನೆಯಲ್ಲಿ ಮಾತ್ರ ಮುಸುಕು ಸರಿದು ದ್ವೇಷ ಕಾಣಿಸುತ್ತದೆ. ಆ ಘಳಿಗೆಯಲ್ಲಿಯೂ ದನಿ ಏರುವುದಿಲ್ಲ, ಗಿಟಾರ್ ಅದೇ ಮೆಲುನಡಿಗೆಯಲ್ಲಿ ಸಾಗುತ್ತದೆ. ಭಾವಗೀತೆಗಳನ್ನು ಕೇಳುತ್ತ ಬೆಳೆದ ನನಗೆ, ಕೂಗದೆ ಕೊಯ್ಯುವ ಈ ಹದ ಬಹಳ ಹತ್ತಿರದ್ದೆನಿಸಿತು. ಒಂದು ವ್ಯತ್ಯಾಸವಿದೆ: ನಮ್ಮ ಸುಗಮ ಸಂಗೀತದಲ್ಲಿ ಬರೆದ ಕವಿಯೊಬ್ಬರು, ರಾಗ ಹಾಕಿದವರೊಬ್ಬರು, ಹಾಡಿದವರು ಮತ್ತೊಬ್ಬರು ಇರುವುದೇ ಹೆಚ್ಚು, ಕವಿಯ ನೋವಿಗೆ ಗಾಯಕರು ದನಿಯಾಗುತ್ತಾರೆ. ಇಲ್ಲಿ ಬರೆದವರೇ ಹಾಡುವುದರಿಂದ ಒಂದು ಪದದ ಮೇಲೆ ಎಷ್ಟು ಉಸಿರು ಖರ್ಚು ಮಾಡಬೇಕೆಂಬ ಲೆಕ್ಕ ಅವರಿಗೆ ಒಳಗಿನಿಂದಲೇ ಗೊತ್ತಿದೆ.

ಗದ್ದಲದ ಹಾಡುಗಳ ವಿಷಯಕ್ಕೆ ಬಂದರೆ, ಅವು ಬರಿಯ ಮೋಜಿಗಾಗಿ ಸೇರಿಸಿದವಲ್ಲ ಎಂಬುದನ್ನು ಒತ್ತಿ ಹೇಳಬೇಕೆನಿಸುತ್ತದೆ. ಮೊದಲ ಹಾಡು ‘ಆಲ್-ಅಮೆರಿಕನ್ ಬಿಚ್’ ಲಾಲಿಹಾಡಿನಂತೆ ಮೆದುವಾದ ಗಿಟಾರಿನಿಂದ ಶುರುವಾಗುತ್ತದೆ. ಹುಡುಗಿಯೊಬ್ಬಳು ತಾನು ಎಷ್ಟು ಹಗುರ, ಎಷ್ಟು ಸಹನೆಯವಳು, ಎಷ್ಟು ಕೃತಜ್ಞಳು ಎಂದು ಮುದ್ದಾಗಿ ಪಟ್ಟಿ ಒಪ್ಪಿಸುತ್ತಾಳೆ. ಪಲ್ಲವಿಗೆ ಬರುವಷ್ಟರಲ್ಲಿ ಗಿಟಾರುಗಳು ಸಿಡಿಯುತ್ತವೆ. ಮತ್ತೆ ಮೆದುವಾಗುತ್ತದೆ, ಮತ್ತೆ ಸಿಡಿಯುತ್ತದೆ. ನಡುವೆ ಒಂದೆಡೆ ಅವಳು ಕಿರುಚುತ್ತಾಳೆ, ಮರುಕ್ಷಣವೇ ಏನೂ ಆಗಿಲ್ಲವೆಂಬಂತೆ ಸಿಹಿದನಿಗೆ ಮರಳುತ್ತಾಳೆ. ಮನೆಗೆ ನೆಂಟರು ಬಂದಾಗ ನಗುತ್ತ ಕಾಫಿ ತಂದುಕೊಟ್ಟು, ಅಡುಗೆಮನೆಗೆ ಹೋಗಿ ಹಲ್ಲುಕಚ್ಚಿ ನಿಂತ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಾಡಿನ ರಚನೆಯೇ ಅರ್ಥವನ್ನು ಹೊತ್ತಿದೆ. ಪದಗಳನ್ನು ತೆಗೆದು ಬರಿಯ ವಾದ್ಯಗಳನ್ನು ಕೇಳಿಸಿದರೂ ಅದೇ ಕತೆ ತಿಳಿಯುತ್ತದೆ.

‘ಬ್ಯಾಡ್ ಐಡಿಯಾ ರೈಟ್?’ನಲ್ಲಿ ಹಾಡುವುದಕ್ಕಿಂತ ಮಾತಾಡುವುದೇ ಹೆಚ್ಚು. ಬಿಟ್ಟುಹೋದವನ ಮನೆಗೆ ಮತ್ತೆ ಹೊರಟವಳು ತನಗೆ ತಾನೇ ಹೇಳಿಕೊಳ್ಳುವ ಸಬೂಬುಗಳು, ಗೆಳತಿಯರಿಗೆ ನಿದ್ದೆ ಮಾಡುತ್ತಿದ್ದೆ ಎಂದು ಹೇಳುವ ಸುಳ್ಳು, ಇದು ತಪ್ಪು ಎಂದು ತಿಳಿದೂ ಮೆಟ್ಟಿಲು ಹತ್ತುವ ಹುರುಪು, ಎಲ್ಲವೂ ಒಂದೇ ಉಸಿರಿನಲ್ಲಿ ಬರುತ್ತವೆ. ನಾನು ಇಲ್ಲಿ ಜೋರಾಗಿ ನಕ್ಕಿದ್ದೇನೆ. ‘ಗೆಟ್ ಹಿಮ್ ಬ್ಯಾಕ್!’ ಇನ್ನೂ ಮೇಲಿನದು. ಆ ಮೂರು ಇಂಗ್ಲಿಷ್ ಪದಗಳಿಗೆ ಅವನನ್ನು ಮರಳಿ ಪಡೆಯುವುದು ಎಂಬ ಅರ್ಥವೂ ಇದೆ, ಅವನ ಮೇಲೆ ಸೇಡು ತೀರಿಸಿಕೊಳ್ಳುವುದು ಎಂಬ ಅರ್ಥವೂ ಇದೆ. ಕನ್ನಡದಲ್ಲಿ ಒಂದೇ ಮಾತಿನಲ್ಲಿ ಎರಡನ್ನೂ ಹಿಡಿಯಲು ನಾನು ಬಹಳ ಪ್ರಯತ್ನಿಸಿದೆ, ಸಿಗಲಿಲ್ಲ. ಹುಡುಗಿಗೆ ಅವನ ಕಾರಿನ ಮೇಲೆ ಬೀಗದ ಕೈಯಿಂದ ಗೀಚಬೇಕು, ಅವನಿಗೆ ಊಟವನ್ನೂ ಮಾಡಿಕೊಡಬೇಕು. ಎರಡೂ ಆಸೆ ಒಂದೇ ಸಾಲಿನಲ್ಲಿ, ಒಂದೇ ದನಿಯಲ್ಲಿ ಬರುತ್ತವೆ. ಅವನ ತಾಯಿಯನ್ನು ಭೇಟಿಯಾಗಬೇಕು, ನಿಮ್ಮ ಮಗ ಸರಿಯಿಲ್ಲ ಎಂದು ಹೇಳುವುದಕ್ಕಾಗಿ ಮಾತ್ರ. ಪಲ್ಲವಿಯಲ್ಲಿ ಗುಂಪೊಂದು ಸೇರಿ ಕೂಗುವಂತೆ ದನಿಗಳನ್ನು ಕೂಡಿಸಿದ್ದಾರೆ, ಮೈದಾನದಲ್ಲಿ ಸಾವಿರಾರು ಮಂದಿ ಒಟ್ಟಿಗೆ ಹಾಡಲೆಂದೇ ಕಟ್ಟಿದಂತಿದೆ. ಕೋಪವನ್ನೂ ಆಸೆಯನ್ನೂ ಬೇರ್ಪಡಿಸಲಾಗದ ತನ್ನ ಸ್ಥಿತಿಯನ್ನು ಈ ಹುಡುಗಿ ಬಲ್ಲಳು, ಬಲ್ಲುದರಿಂದಲೇ ನಗಬಲ್ಲಳು. ಮೊದಲ ಆಲ್ಬಮಿನ ಸಿಟ್ಟಿನ ಹಾಡುಗಳಿಗೆ ಈ ನಗು ಇನ್ನೂ ಒದಗಿರಲಿಲ್ಲ.

ಈ ಸದ್ದಿನ ಹಿಂದೆ ಇರುವವರು ನಿರ್ಮಾಪಕ ಡ್ಯಾನ್ ನಿಗ್ರೊ. ಹಿಂದೆ ರಾಕ್ ತಂಡವೊಂದರಲ್ಲಿ ಹಾಡುತ್ತಿದ್ದ ಇವರು ‘ಸೌರ್’ನಲ್ಲಿಯೂ ಒಲಿವಿಯಾ ಅವರ ಜೊತೆಗಿದ್ದರು. ಯಶಸ್ಸು ಬಂದ ಮೇಲೆ ಹತ್ತಾರು ಹೆಸರಾಂತ ನಿರ್ಮಾಪಕರನ್ನು ಸುತ್ತ ಕೂಡಿಸಿಕೊಳ್ಳುವ ಆಸೆಗೆ ಬೀಳದೆ ಅದೇ ಒಬ್ಬರೊಂದಿಗೆ ಮತ್ತೆ ಕುಳಿತದ್ದು ಈ ಆಲ್ಬಮಿಗೆ ಒಳಿತಾಗಿದೆ. ಹನ್ನೆರಡು ಹಾಡುಗಳ ಬಣ್ಣ ಬೇರೆ ಬೇರೆಯಾದರೂ ಕೈ ಒಂದೇ ಎಂಬುದು ತಿಳಿಯುತ್ತದೆ. 1990ರ ದಶಕದಲ್ಲಿ ಗಿಟಾರ್ ಹಿಡಿದು ನಿಂತ ಹೆಣ್ಣುಮಕ್ಕಳ ರಾಕ್ ಸಂಗೀತಕ್ಕೆ ಇದು ಋಣಿಯಾಗಿದೆ, ಆ ಋಣವನ್ನು ಒಲಿವಿಯಾ ಮುಚ್ಚಿಟ್ಟಿಲ್ಲ. 2024ರಲ್ಲಿ ಈ ಆಲ್ಬಮಿನ ಪ್ರವಾಸದ ಕೆಲವು ಕಛೇರಿಗಳಲ್ಲಿ ತಮಗಿಂತ ಮೊದಲು ಹಾಡಲು ಆ ಕಾಲದ ‘ದ ಬ್ರೀಡರ್ಸ್’ ತಂಡವನ್ನೇ ಕರೆದರು. ಇಪ್ಪತ್ತರ ಹರೆಯದವರನ್ನು ನೋಡಲು ಬಂದ ಹುಡುಗಿಯರು ತಮ್ಮ ಅಮ್ಮಂದಿರ ಕಾಲದ ಸಂಗೀತವನ್ನು ಹೀಗೆ ಕೇಳಿದರಲ್ಲ ಎಂದು ನನಗೆ ಸಂತೋಷವಾಯಿತು.

ಎಲ್ಲವೂ ಒಂದೇ ಎತ್ತರದಲ್ಲಿಲ್ಲ. ‘ಲಾಜಿಕಲ್’ ಮತ್ತು ‘ದ ಗ್ರಜ್’ ಎಂಬ ಎರಡು ಪಿಯಾನೊ ಹಾಡುಗಳು ಮೊದಲ ಆಲ್ಬಮಿನ ಅಂಗಳದಲ್ಲಿಯೇ ನಿಂತಿವೆ. ಕ್ಷಮಿಸಲು ಬಾರದ ಮನಸ್ಸಿನ ಬಗ್ಗೆ ‘ದ ಗ್ರಜ್’ ಹೇಳುವುದು ನಿಜವೇ ಆದರೂ, ‘ವ್ಯಾಂಪೈರ್’ ಕೇಳಿ ಬಂದವರಿಗೆ ಅದು ತಿಳಿದ ದಾರಿ. ‘ಲಾಜಿಕಲ್’ನಲ್ಲಿ ತಪ್ಪು ಲೆಕ್ಕಗಳನ್ನು ಸರಿಯೆಂದು ಒಪ್ಪಿಕೊಂಡ ಪ್ರೇಮದ ರೂಪಕ ಮೊದಲ ಸಲ ಚೆನ್ನಾಗಿದೆ, ಮೂರನೆಯ ಸಲಕ್ಕೆ ಅದರ ಕೀಲುಗಳು ಕಾಣತೊಡಗುತ್ತವೆ. ‘ಲವ್ ಈಸ್ ಎಂಬರಾಸಿಂಗ್’ ಚುರುಕಾಗಿ ಬಂದು ಚುರುಕಾಗಿ ಹೋಗುತ್ತದೆ. ‘ಬ್ಯಾಲಡ್ ಆಫ್ ಎ ಹೋಮ್‌ಸ್ಕೂಲ್ಡ್ ಗರ್ಲ್’ ಕೂಟಗಳಲ್ಲಿ ಹೇಗೆ ನಿಲ್ಲಬೇಕು, ಏನು ಮಾತಾಡಬೇಕು ಎಂದು ತಿಳಿಯದೆ ಎಡವುವವಳ ಕತೆ. ಮಾತು ಜಾರಿದ ಮೇಲೆ ರಾತ್ರಿಯಿಡೀ ಅದನ್ನೇ ನೆನೆದು ಮುಖ ಮುಚ್ಚಿಕೊಳ್ಳುವವರಿಗೆ ಇದು ತುಂಬ ಬೇಕಾಗುತ್ತದೆ. ಹನ್ನೊಂದನೆಯ ‘ಪ್ರಿಟಿ ಈಸಂಟ್ ಪ್ರಿಟಿ’ಯನ್ನು ನಾನು ತಡವಾಗಿ ಮೆಚ್ಚಿದೆ. ಗಿಟಾರ್ ಹಸನ್ಮುಖಿಯಾಗಿದೆ, ಲಯ ನಡಿಗೆಗೆ ಹಿತವಾಗಿದೆ, ಆ ಬೆಳಕಿನೊಳಗೆ ಹುಡುಗಿ ಊಟ ಬಿಟ್ಟಿದ್ದನ್ನು, ಮುಖಕ್ಕೆ ಬಳಿದದ್ದನ್ನು, ಏನು ಮಾಡಿದರೂ ಸಾಲದೆಂಬ ದಣಿವನ್ನು ಹೇಳುತ್ತಾಳೆ. ಒಂದು ಸಂಜೆ ಅಕ್ಕನ ಮಗಳು ಕನ್ನಡಿಯ ಮುಂದೆ ನಿಂತು ಇದನ್ನು ಗುನುಗುತ್ತಿದ್ದುದನ್ನು ಕಂಡೆ. ಅವಳು ಏನನ್ನು ಹಾಡುತ್ತಿದ್ದಾಳೆಂದು ಯೋಚಿಸಿ ಬಾಗಿಲಿನಲ್ಲೇ ನಿಂತುಬಿಟ್ಟೆ.

ದನಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಒಲಿವಿಯಾ ಅವರದು ಬೆರಗುಗೊಳಿಸುವ ವ್ಯಾಪ್ತಿಯ ಕಂಠವೆಂದು ಯಾರೂ ಹೇಳಲಾರರು, ಅದನ್ನು ಪ್ರದರ್ಶಿಸಲು ಅವರೂ ಹೊರಡುವುದಿಲ್ಲ. ಮೊದಲ ಆಲ್ಬಮಿನಲ್ಲಿ ಪದಗಳ ತುದಿಗಳನ್ನು ನುಂಗಿ ಹಾಡುವ ಅಭ್ಯಾಸವೊಂದಿತ್ತು. ಇಲ್ಲಿ ಅದು ಕಡಿಮೆಯಾಗಿದೆ, ಪದಗಳು ಬಿಡಿಬಿಡಿಯಾಗಿ ಕೇಳುತ್ತವೆ. ಮಾತಿನಿಂದ ಹಾಡಿಗೆ, ಹಾಡಿನಿಂದ ಕೂಗಿಗೆ, ಕೂಗಿನಿಂದ ಮತ್ತೆ ಮಾತಿಗೆ ದನಿ ಸಲೀಸಾಗಿ ಓಡಾಡುತ್ತದೆ. ನಟನೆಯಲ್ಲಿ ಪಳಗಿದ್ದು ಇಲ್ಲಿ ನೆರವಾಗಿರಬೇಕು. ಒಂದೇ ವಾಕ್ಯದೊಳಗೆ ಹುಡುಗಿಯ ಮನಸ್ಸು ಬದಲಾಗುವುದನ್ನು ಮುಖ ಕಾಣದೆಯೂ ಕಾಣುವಂತೆ ಹಾಡಬಲ್ಲರು.

ಕೊಳ್ಳುವವರಿಗಾಗಿ ಕೆಲವು ವಿವರಗಳು. ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಆಲ್ಬಮ್ ಸುಲಭವಾಗಿ ಸಿಗುತ್ತದೆ, ಹೆಚ್ಚಿನವರಿಗೆ ಅದೇ ಸಾಕು. ಚಿಕ್ಕ ಇಯರ್‌ಫೋನಿನಲ್ಲಿ ‘ವ್ಯಾಂಪೈರ್’ನ ಕೊನೆಯ ಭಾಗ ಮತ್ತು ಮೊದಲ ಹಾಡಿನ ಸಿಡಿತಗಳು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾದಂತೆ ಕೇಳುತ್ತವೆ, ಒಳ್ಳೆಯ ಹೆಡ್‌ಫೋನ್ ಅಥವಾ ಮನೆಯ ಸ್ಪೀಕರಿನಲ್ಲಿ ಡ್ರಮ್ಮಿಗೂ ಗಿಟಾರಿಗೂ ಎಡೆ ಸಿಗುತ್ತದೆ. ನಾನು ಆಸೆಪಟ್ಟು ಆನ್‌ಲೈನ್ ಅಂಗಡಿಯೊಂದರಿಂದ ಎಲ್‌ಪಿ ತರಿಸಿಕೊಂಡೆ. ತಟ್ಟೆ ಬಿಸಿಲಿಗೆ ಬಾಗಿದಂತೆ ಬಂದಿತ್ತು, ಬದಲಾಯಿಸಿಕೊಳ್ಳಲು ಮೂರು ವಾರ ಪತ್ರವ್ಯವಹಾರ ಮಾಡಬೇಕಾಯಿತು. ತರಿಸುವವರು ಪೊಟ್ಟಣ ಬಿಚ್ಚುವಾಗಲೇ ವಿಡಿಯೊ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಬದಲಿಯಾಗಿ ಬಂದ ತಟ್ಟೆ ಚೆನ್ನಾಗಿದೆ. ಎಲ್‌ಪಿಯ ಬೇರೆ ಬೇರೆ ಬಣ್ಣದ ಆವೃತ್ತಿಗಳಲ್ಲಿ ಪಟ್ಟಿಯಲ್ಲಿಲ್ಲದ ಒಂದೊಂದು ಗುಪ್ತ ಹಾಡನ್ನು ಇಟ್ಟಿದ್ದರು. ಅವೆಲ್ಲ ಇನ್ನೊಂದು ಹೊಸ ಹಾಡಿನೊಂದಿಗೆ 2024ರ ಮಾರ್ಚ್ 22ರಂದು ‘ಗಟ್ಸ್ (ಸ್ಪಿಲ್ಡ್)’ ಎಂಬ ವಿಸ್ತೃತ ಆವೃತ್ತಿಯಲ್ಲಿ ಸೇರಿದವು, ಅಲ್ಲಿಗೆ ಹಾಡುಗಳು ಹದಿನೇಳಾದವು. ಈ ಐದರಲ್ಲಿ ‘ಸ್ಕೇರ್ಡ್ ಆಫ್ ಮೈ ಗಿಟಾರ್’ ನನಗೆ ಬಹಳ ಇಷ್ಟ. ಎಲ್ಲರ ಮುಂದೆ ಸುಖವಾಗಿದ್ದೇನೆ ಎಂದು ಹೇಳಿಕೊಳ್ಳುವವಳು ಗಿಟಾರ್ ಮುಟ್ಟಲು ಹೆದರುತ್ತಾಳೆ, ಏಕೆಂದರೆ ಅದರ ಮುಂದೆ ಸುಳ್ಳು ನಿಲ್ಲುವುದಿಲ್ಲ. ‘ಲಾಜಿಕಲ್’ ಇರುವ ಜಾಗದಲ್ಲಿ ಇದು ಇದ್ದಿದ್ದರೆ ಮೂಲ ಆಲ್ಬಮ್ ಇನ್ನೂ ಗಟ್ಟಿಯಾಗುತ್ತಿತ್ತೆಂದು ನನ್ನ ದೃಢ ಅಭಿಪ್ರಾಯ. 2024ರ ಗ್ರ್ಯಾಮಿಯಲ್ಲಿ ‘ಗಟ್ಸ್’ಗೆ ಆರು ನಾಮನಿರ್ದೇಶನಗಳು ಬಂದವು, ಪ್ರಶಸ್ತಿ ಬರಲಿಲ್ಲ. ‘ಸೌರ್’ಗಿಂತ ಇದೇ ಮೇಲಾದ ಕೃತಿಯೆಂಬ ನನ್ನ ಎಣಿಕೆ ಅದರಿಂದ ಬದಲಾಗಿಲ್ಲ.

ಕೊನೆಯ ಹಾಡು ‘ಟೀನೇಜ್ ಡ್ರೀಮ್’. ಹದಿಹರೆಯ ಮುಗಿಯುತ್ತಿರುವ ಹುಡುಗಿ ಪಿಯಾನೊದ ಮುಂದೆ ಕುಳಿತು, ವಯಸ್ಸಿಗೆ ಮೀರಿದ ಜಾಣೆ ಎಂದು ಜನ ಹೊಗಳುವುದು ಇನ್ನೆಷ್ಟು ದಿನ ಎಂದು ಕೇಳಿಕೊಳ್ಳುತ್ತಾಳೆ. ವಯಸ್ಸೇ ಬಂದುಬಿಟ್ಟ ಮೇಲೆ ಆ ಹೊಗಳಿಕೆಗೆ ಅರ್ಥವೇನು? ತನ್ನಲ್ಲಿದ್ದ ಅತ್ಯುತ್ತಮವಾದದ್ದನ್ನೆಲ್ಲ ಆಗಲೇ ಕೊಟ್ಟಾಗಿದೆಯೋ ಎಂಬ ಭಯ ಅವಳದು. ಬೆಳೆದಂತೆಲ್ಲ ಎಲ್ಲ ಸರಿಹೋಗುತ್ತದೆ ಎಂದು ಹಿರಿಯರೆಲ್ಲ ಹೇಳುತ್ತಾರೆ, ನಾನು ಸರಿಹೋಗದಿದ್ದರೆ ಎಂದು ಅವಳು ಕೇಳುತ್ತಾಳೆ. ಆ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ವಾದ್ಯಗಳು ಅವಳ ಸುತ್ತ ಎತ್ತರವಾಗುತ್ತ ಹೋಗುತ್ತವೆ, ಉತ್ತರ ಮಾತ್ರ ಯಾವ ವಾದ್ಯದಿಂದಲೂ ಬರುವುದಿಲ್ಲ. ಅಂದು ರೈಲಿನಲ್ಲಿ ಈ ಹಾಡು ಮುಗಿದಾಗ ಅಕ್ಕನ ಮಗಳು ಇಯರ್‌ಫೋನ್ ತೆಗೆಯದೆ ಕಿಟಕಿಯಾಚೆಯ ಕಬ್ಬಿನ ಗದ್ದೆಗಳನ್ನು ನೋಡುತ್ತಿದ್ದಳು. ಅವಳಿಗೆ ಹದಿನೆಂಟು ತುಂಬಲು ಎರಡು ತಿಂಗಳಿತ್ತು. ಹೇಗಿದೆ ಎಂದು ಅವಳು ನನ್ನನ್ನು ಕೇಳಿದ್ದು ಆಗಲೇ.